ಆಡುವ ವಯಸ್ಸು ಮುಗಿದ ಮೇಲೆ ಫುಟ್‌ಬಾಲ್ ಆಟಗಾರರು ಏನು ಮಾಡುತ್ತಾರೆ?

ನಿಮ್ಮ ತಮ್ಮ ದ್ವಿತೀಯ ಪಿಯುಸಿಯನ್ನು ಅರ್ಧಕ್ಕೆ ಬಿಟ್ಟು ಫುಟ್‌ಬಾಲ್ ಆಡಲು ಬೆಂಗಳೂರಿಗೆ ಹೊರಟಿದ್ದಾನೆಂದು ಬರೆದು, ಆಡುವ ವಯಸ್ಸು ಮುಗಿದ ಮೇಲೆ ವೃತ್ತಿಪರ ಆಟಗಾರರು ಏನು ಮಾಡಿ ಬದುಕುತ್ತಾರೆಂದು ಕೇಳಿದ್ದೀರಿ. ನಾನು ಭದ್ರಾವತಿಯಲ್ಲಿ ಬೆಳೆದು, ಬೆಂಗಳೂರಿನ ಒಂದು ಸಾರ್ವಜನಿಕ ಉದ್ದಿಮೆಯ ತಂಡದಲ್ಲಿ ಒಂಬತ್ತು ವರ್ಷ ಲೆಫ್ಟ್ ಬ್ಯಾಕ್, ಅಂದರೆ ಎಡಬದಿಯ ರಕ್ಷಣಾ ಆಟಗಾರನಾಗಿ ಆಡಿ, ಈಗ ತೀರ್ಥಹಳ್ಳಿಯ ಹತ್ತಿರ ಅಡಕೆ ತೋಟ ನೋಡಿಕೊಂಡಿದ್ದೇನೆ. ನಾನು ಕಂಡ ಮಟ್ಟಿಗೆ ಆಟಗಾರನ ಎರಡನೆಯ ಬದುಕು ಬಹುಪಾಲು ಅವನ ಇಪ್ಪತ್ತರಿಂದ ಇಪ್ಪತ್ತೈದರ ವಯಸ್ಸಿನಲ್ಲೇ, ಆಗ ಅವನು ಯಾವ ಕಾಗದಕ್ಕೆ ಸಹಿ ಹಾಕಿದ ಮತ್ತು ಯಾವ ಕಾಗದವನ್ನು ಜೋಪಾನವಾಗಿ ಇಟ್ಟುಕೊಂಡ ಎಂಬುದರಲ್ಲೇ ತೀರ್ಮಾನವಾಗಿಬಿಡುತ್ತದೆ.

ಎಲ್ಲರಿಗೂ ಗೊತ್ತಿರುವ ಹೆಸರುಗಳನ್ನು ಮೊದಲು ಮುಗಿಸುತ್ತೇನೆ. 1995ರಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಪ್ರಶಸ್ತಿ ಪಡೆದ ಜಾರ್ಜ್ ವೇ 2018ರಿಂದ 2024ರವರೆಗೆ ಲೈಬೀರಿಯಾದ ಅಧ್ಯಕ್ಷರಾಗಿದ್ದರು. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಬೆಳೆದ ಉತ್ತರ ಐರ್ಲೆಂಡಿನ ಫಿಲ್ ಮಲ್ರೈನ್ 2017ರಲ್ಲಿ ಕ್ಯಾಥೊಲಿಕ್ ಪಾದ್ರಿಯಾದರು. 1982ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ತಂಡದ ನಾಯಕರಾಗಿದ್ದ ಸಾಕ್ರೆಟಿಸ್ ಆಡುತ್ತಲೇ ವೈದ್ಯಕೀಯ ಓದಿದವರು. ನಮ್ಮ ಬೈಚುಂಗ್ ಭುಟಿಯಾ ಫುಟ್‌ಬಾಲ್ ಶಾಲೆಗಳನ್ನು ತೆರೆದರು, ರಾಜಕೀಯ ಪಕ್ಷವನ್ನೂ ಕಟ್ಟಿದರು. ಇಂಥವರು ಸಾವಿರಕ್ಕೊಬ್ಬರು, ಇವರನ್ನು ನೋಡಿ ನಿಮ್ಮ ತಮ್ಮನ ಭವಿಷ್ಯವನ್ನು ಲೆಕ್ಕ ಹಾಕಬಾರದು.

ನನ್ನ ಮನಸ್ಸಿನಲ್ಲಿ ಹೆಚ್ಚು ನಿಂತಿರುವುದು ಇಂಗ್ಲೆಂಡಿನ ರೇ ವಿಲ್ಸನ್ ಅವರ ಬದುಕು. 1966ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿ ಅವರೂ ಲೆಫ್ಟ್ ಬ್ಯಾಕ್. ಆಟ ನಿಲ್ಲಿಸಿದ ಮೇಲೆ ಅವರು ಹಡರ್ಸ್‌ಫೀಲ್ಡ್‌ನಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವ ವೃತ್ತಿ ಹಿಡಿದು, ಅದನ್ನು ಘನತೆಯಿಂದ ನಡೆಸಿಕೊಂಡು ಹೋದರು. ವಿಶ್ವಕಪ್ ಗೆದ್ದವರಿಗೂ ದುಡಿಯದೆ ಗತ್ಯಂತರವಿರಲಿಲ್ಲ ಎಂಬುದು ಇಂದಿನ ಹುಡುಗರಿಗೆ ವಿಚಿತ್ರವೆನಿಸಬಹುದು; ಆದರೆ ಅಲ್ಲಿ 1961ರವರೆಗೆ ಆಟಗಾರನ ವಾರದ ಸಂಬಳಕ್ಕೆ 20 ಪೌಂಡಿನ ಮಿತಿ ಇತ್ತು, ಆ ಮಿತಿ ಹೋದ ಮೇಲೂ ಕೂತು ಉಣ್ಣುವಷ್ಟು ಹಣ ಆ ತಲೆಮಾರಿನ ಕೈಗೆ ಬರಲಿಲ್ಲ.

ಭಾರತದಲ್ಲಿ ಈ ಪ್ರಶ್ನೆಗೆ ಬಹಳ ಕಾಲ ಬೇರೊಂದು ಉತ್ತರವಿತ್ತು, ಅದು ನೌಕರಿ. ರೈಲ್ವೆ, ಪೊಲೀಸ್, ಬ್ಯಾಂಕು, ಅಂಚೆ ಇಲಾಖೆ, ಬೆಂಗಳೂರಿನಲ್ಲಾದರೆ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳು ತಂಡ ಕಟ್ಟಲೆಂದು ಆಟಗಾರರನ್ನು ನೇಮಿಸಿಕೊಳ್ಳುತ್ತಿದ್ದವು. ಆಡುವಷ್ಟು ದಿನ ಆಡಿದವನು ಆಮೇಲೆ ಅದೇ ಸಂಸ್ಥೆಯ ಮೇಜಿನ ಮುಂದೆ ಕೂರುತ್ತಿದ್ದ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಭಾರತ ತಂಡವನ್ನು ಮುನ್ನಡೆಸಿದ ಪಿ. ಕೆ. ಬ್ಯಾನರ್ಜಿ ಪೂರ್ವ ರೈಲ್ವೆಯ ನೌಕರರು. ತ್ರಿಶ್ಶೂರಿನ ಕ್ರೀಡಾಂಗಣದಲ್ಲಿ ಸೋಡಾ ಮಾರುತ್ತಿದ್ದ ಹುಡುಗ ಐ. ಎಂ. ವಿಜಯನ್ ಕೇರಳ ಪೊಲೀಸ್ ತಂಡ ಸೇರಿ, ನಡುವೆ ಕೋಲ್ಕತ್ತದ ಕ್ಲಬ್ಬುಗಳಿಗೆ ಹೋಗಿ, ಮತ್ತೆ ಇಲಾಖೆಗೆ ಮರಳಿ, 2025ರಲ್ಲಿ ಅಧಿಕಾರಿಯಾಗಿ ನಿವೃತ್ತರಾದರು. ಪದ್ಮಶ್ರೀ ಬಂದದ್ದೂ ಅದೇ ವರ್ಷ.

ನನಗೆ ಸಿಕ್ಕಿದ್ದೂ ಅಂಥದೇ ಒಂದು ಗುಮಾಸ್ತಿಕೆ. ಗುಂಡಪ್ಪ ವಿಶ್ವನಾಥ್ ಹುಟ್ಟಿದ ಊರಾದ್ದರಿಂದ ಭದ್ರಾವತಿಯಲ್ಲಿ ಎಲ್ಲರ ಕಣ್ಣು ಕ್ರಿಕೆಟ್ಟಿನ ಮೇಲೆಯೇ ಇದ್ದ ಕಾಲದಲ್ಲಿ, ಕಾರ್ಖಾನೆ ಕೆಲಸದಲ್ಲಿದ್ದ ನನ್ನ ತಂದೆ ನನ್ನ ಫುಟ್‌ಬಾಲನ್ನು ಸಹಿಸಿಕೊಂಡದ್ದು ಅದರಿಂದ ಒಂದು ನೇಮಕಾತಿ ಆದೇಶ ಬರಬಹುದೆಂಬ ಆಸೆಯಿಂದ. ಅದು ಬಂದ ದಿನ ಅವರು ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದ್ದರು. ಒಂಬತ್ತನೆಯ ವರ್ಷ ಸಂಸ್ಥೆ ಖರ್ಚು ಉಳಿಸಲು ತಂಡವನ್ನೇ ನಿಲ್ಲಿಸಿತು. ಸುತ್ತೋಲೆ ಬಂದದ್ದು ಬುಧವಾರ. ಗುರುವಾರ ಬೆಳಿಗ್ಗೆ ಐದೂವರೆಗೆ ಎಂದಿನಂತೆ ಎಚ್ಚರವಾಗಿ, ಅರಿವಿಲ್ಲದೆಯೇ ಕಾಲಿನ ಗಂಟಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದೆ. ಅರ್ಧ ಸುತ್ತಿದ ಮೇಲೆ ಹೋಗಲು ಮೈದಾನವಿಲ್ಲವೆಂಬುದು ನೆನಪಾಯಿತು. ಅದೇ ವಾರ ನನಗೆ ಸರಕು ಒಳಬರುವ ದಾಖಲೆ ಪುಸ್ತಕವನ್ನು ಕೊಟ್ಟರು. ಇಪ್ಪತ್ತೆರಡರ ಹುಡುಗನಿಗೆ ಬರುವ ಕೆಲಸ ನನಗೆ ಮೂವತ್ತೆರಡರಲ್ಲಿ ಬರುತ್ತಿರಲಿಲ್ಲ. ನನಗಿಂತ ಏಳು ವರ್ಷ ಕಿರಿಯರಾದ ಸಹೋದ್ಯೋಗಿಯೊಬ್ಬರು ದಿನವೂ ಊಟದ ಬಿಡುವಿನಲ್ಲಿ ಪಕ್ಕದಲ್ಲಿ ಕೂತು ಕಲಿಸಿದರು. ಅವರ ಋಣ ನನ್ನ ಮೇಲಿದೆ. ಸಂಬಳ ಮಾತ್ರ ಒಂದು ತಿಂಗಳೂ ತಪ್ಪಲಿಲ್ಲ. ತಂದೆಯವರು ತೀರಿಕೊಂಡ ಕೆಲವು ವರ್ಷಗಳ ನಂತರ ಸ್ವಯಂನಿವೃತ್ತಿ ಪಡೆದು, ಬಂದ ಹಣದಲ್ಲಿ ಹೆಂಡತಿಯ ತವರಿನ ಕಡೆ ಈ ತೋಟ ಕೊಂಡೆ.

ನನ್ನ ಜೊತೆಯ ಸ್ಟ್ರೈಕರ್ ಒಬ್ಬರು ನನಗಿಂತ ಎಷ್ಟೋ ಪಾಲು ಮೇಲಿನ ಆಟಗಾರ. ಅವರು ನಮ್ಮ ಸಂಸ್ಥೆಯ ನೌಕರಿಯನ್ನು ಬಿಟ್ಟು, ನಾಲ್ಕು ಪಟ್ಟು ಹಣ ಕೊಡುವ ಹೊರರಾಜ್ಯದ ಕ್ಲಬ್ಬಿನ ಒಪ್ಪಂದಕ್ಕೆ ಸಹಿ ಹಾಕಿದರು. ಎರಡನೆಯ ವರ್ಷ ಮೊಣಕಾಲಿನ ಲಿಗಮೆಂಟ್ ಹರಿಯಿತು, ಒಪ್ಪಂದ ಮುಂದುವರಿಯಲಿಲ್ಲ, ಶಸ್ತ್ರಚಿಕಿತ್ಸೆಯ ಅರ್ಧ ಖರ್ಚು ಅವರ ಅಣ್ಣನ ಮೇಲೆ ಬಿತ್ತು. ಈಗ ಅವರು ಸರಕು ಸಾಗಿಸುವ ಆಟೋ ಓಡಿಸುತ್ತಾರೆ, ಮಗಳನ್ನು ಎಂಜಿನಿಯರಿಂಗ್ ಓದಿಸುತ್ತಿದ್ದಾರೆ, ಚೆನ್ನಾಗಿಯೇ ಇದ್ದಾರೆ. ಆದರೆ ಅಷ್ಟು ಆಟ ಬಲ್ಲವರ ಹತ್ತಿರ ಯಾವ ಮಗುವೂ ಆಟ ಕಲಿಯುತ್ತಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಇಂದಿನ ಹುಡುಗರ ಮುಂದಿರುವುದು ಹೆಚ್ಚಾಗಿ ಆ ಎರಡನೆಯ ಬಗೆಯ ಕಾಗದ, ಅಂದರೆ ಕ್ಲಬ್ಬಿನ ಒಪ್ಪಂದ. 2010ರಲ್ಲಿ ಮಹೀಂದ್ರ ಯುನೈಟೆಡ್, 2011ರಲ್ಲಿ ಜೆಸಿಟಿ ಹೀಗೆ ಕಂಪನಿಗಳ ದೊಡ್ಡ ತಂಡಗಳು ಮುಚ್ಚಿದವು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಶುರುವಾದ ಮೇಲೆ ಮೇಲ್ಮಟ್ಟದಲ್ಲಿ ಹಣ ಹೆಚ್ಚಿತು, ಆದರೆ ಒಪ್ಪಂದದ ಅವಧಿ ಮುಗಿದರೆ ಸಂಬಂಧವೂ ಮುಗಿಯಿತು. ಆಟ ಸಾಮಾನ್ಯವಾಗಿ ಮೂವತ್ತೈದರೊಳಗೆ ನಿಲ್ಲುತ್ತದೆ, ಕೇಂದ್ರದ ಕ್ರೀಡಾ ಪಿಂಚಣಿ ಒಲಿಂಪಿಕ್ಸ್, ಏಷ್ಯನ್ ಗೇಮ್ಸ್‌ನಂಥ ಕೂಟಗಳಲ್ಲಿ ಪದಕ ಗೆದ್ದವರಿಗಷ್ಟೇ ದೊರೆಯುತ್ತದೆ.

ಆಟದಲ್ಲೇ ಉಳಿಯುವವರಿಗೆ ತೆರೆದಿರುವ ಮುಖ್ಯ ದಾರಿ ತರಬೇತಿ. ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಕಲಿತು, ಈಸ್ಟ್ ಬೆಂಗಾಲ್ ಪರ ಆಡಿ ಹೆಸರು ಮಾಡಿ, ಆಟ ಬಿಟ್ಟ ಮೇಲೆ ಅದೇ ಅಕಾಡೆಮಿಗೆ ತರಬೇತುದಾರರಾಗಿ ಮರಳಿದರು; 2020ರಲ್ಲಿ, 49ರ ವಯಸ್ಸಿಗೇ ನಮ್ಮನ್ನಗಲಿದರು. ಖಾಲಿದ್ ಜಮೀಲ್ 2017ರಲ್ಲಿ ಐಜಾಲ್ ತಂಡಕ್ಕೆ ಐ-ಲೀಗ್ ಗೆದ್ದುಕೊಟ್ಟು, 2025ರಲ್ಲಿ ಭಾರತ ತಂಡದ ಮುಖ್ಯ ತರಬೇತುದಾರರಾದರು. ಈ ದಾರಿಗೂ ಕಾಗದ ಬೇಕು: ಡಿ, ಸಿ, ಬಿ, ಎ ಎಂದು ಮೇಲಕ್ಕೇರಿ ಪ್ರೊ ಲೈಸೆನ್ಸ್‌ವರೆಗೆ ಹೋಗುವ ಮೆಟ್ಟಿಲುಗಳಿವೆ, ಒಂದೊಂದರ ನಡುವೆ ಅನುಭವದ ಅವಧಿ ಇರುತ್ತದೆ. ಆಡುತ್ತಿರುವಾಗಲೇ ಕೆಳಗಿನ ಎರಡನ್ನು ಮುಗಿಸಿಕೊಂಡವನು ನಿವೃತ್ತನಾದ ವರ್ಷವೇ ಕೆಲಸಕ್ಕೆ ನಿಲ್ಲಬಲ್ಲ. ಶಾಲೆಯ ದೈಹಿಕ ಶಿಕ್ಷಕನಾಗಬೇಕೆಂದರೆ ಬಿಪಿಎಡ್ ಎಂಬ ದೈಹಿಕ ಶಿಕ್ಷಣದ ಪದವಿ, ಅದಕ್ಕೆ ಮೊದಲು ಸಾಮಾನ್ಯ ಪದವಿ. ನಾನು ಲೈಸೆನ್ಸ್ ಪಡೆದದ್ದು ನಲವತ್ತೈದರಲ್ಲಿ, ನಮ್ಮೂರ ಶಾಲೆಯ ಮೈದಾನದಲ್ಲಿ ವಾರಕ್ಕೆ ಮೂರು ಸಂಜೆ ಮಕ್ಕಳಿಗೆ ಕಲಿಸುತ್ತೇನೆ; ಆಷಾಢದ ಮಳೆಯಲ್ಲಿ ಚೆಂಡು ಕೆಸರಿನಲ್ಲಿ ಹೂತು ನಿಂತರೂ ಅವರು ಮನೆಗೆ ಹೋಗಲು ಒಪ್ಪುವುದಿಲ್ಲ.

ದೇಹದ ಲೆಕ್ಕವನ್ನೂ ಹೇಳಬೇಕು. ತೋಟದ ಇಳಿಜಾರಿನಲ್ಲಿ ಮೇಲಕ್ಕೆ ಹತ್ತುವುದು ನನಗೆ ಸುಲಭ, ಇಳಿಯುವಾಗ ಎಡ ಮೊಣಕಾಲು ಪ್ರತಿ ಹೆಜ್ಜೆಗೂ ಹಿಡಿಯುತ್ತದೆ. ತಲೆಯ ವಿಷಯ ಇನ್ನೂ ಗಂಭೀರ: ಸ್ಕಾಟ್ಲೆಂಡಿನ ಮಾಜಿ ವೃತ್ತಿಪರ ಆಟಗಾರರ ಬಗ್ಗೆ ಗ್ಲಾಸ್ಗೋ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರೆವಿನ ಕಾಯಿಲೆಯೂ ಸೇರಿದಂತೆ ಮಿದುಳು ಕ್ಷಯಿಸುವ ರೋಗಗಳಿಂದ ಅವರು ಸಾಯುವ ಸಂಭವ ಇತರರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚೆಂದು ಕಂಡುಬಂದಿದೆ. ಆದ್ದರಿಂದ ಚಿಕ್ಕ ಮಕ್ಕಳಿಗೆ ನಾನು ಹೆಡಿಂಗ್, ಅಂದರೆ ತಲೆಯಿಂದ ಚೆಂಡು ಹೊಡೆಯುವ ಅಭ್ಯಾಸ ಮಾಡಿಸುವುದಿಲ್ಲ.

ಈಗ ನಿಮ್ಮ ತಮ್ಮನ ವಿಷಯ. ಹೋಗಲಿ, ತಡೆಯಬೇಡಿ, ಆದರೆ ಪಿಯುಸಿ ಮುಗಿಸಿ, ಬೆಂಗಳೂರಿನಲ್ಲೇ ಒಂದು ಪದವಿ ಕಾಲೇಜಿಗೆ ಸೇರಿ ಹೋಗಲಿ. ಕಾರಣ ಬಹಳ ವ್ಯಾವಹಾರಿಕವಾದದ್ದು. ಕೇಂದ್ರ ಸರ್ಕಾರದ ಕ್ರೀಡಾ ಕೋಟಾದ ನೇಮಕಾತಿಗೆ ಹಲವು ನಮೂನೆಯ ಪ್ರಮಾಣಪತ್ರಗಳಿವೆ: ದೇಶದ ಪರ ಆಡಿದವರಿಗೆ ಒಂದನೆಯದು, ರಾಷ್ಟ್ರೀಯ ಕೂಟದಲ್ಲಿ ರಾಜ್ಯದ ಪರ ಆಡಿದವರಿಗೆ ಎರಡನೆಯದು, ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಮೂರನೆಯದು, ರಾಷ್ಟ್ರೀಯ ಶಾಲಾ ಕ್ರೀಡಾಕೂಟಕ್ಕೆ ನಾಲ್ಕನೆಯದು. 2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಬಳಿಕ ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದ ನಮ್ಮ ಕರ್ನಾಟಕ ತಂಡದಂಥದರಲ್ಲಿ ಜಾಗ ಸಿಗುವುದು ಕೆಲವರಿಗೆ ಮಾತ್ರ. ವಿಶ್ವವಿದ್ಯಾಲಯ ತಂಡಕ್ಕೆ ಬರುವುದು ಶ್ರದ್ಧೆಯಿರುವ ಹುಡುಗನಿಗೆ ಎಟುಕುವ ಮಾತು, ಮತ್ತು ಓದು ಬಿಟ್ಟವನಿಗೆ ಆ ಬಾಗಿಲೇ ಇಲ್ಲ. ಪ್ರತಿ ಪಂದ್ಯಾವಳಿ ಮುಗಿದ ಕೂಡಲೇ ಸಂಬಂಧಪಟ್ಟ ಅಧಿಕಾರಿಯಿಂದ ಸಹಿ, ಮೊಹರು, ದಿನಾಂಕ ಹಾಕಿಸಿಕೊಳ್ಳಲಿ. ಐದು ವರ್ಷ ಬಿಟ್ಟು ಹೋದರೆ ಅಧಿಕಾರಿಯೂ ಬದಲಾಗಿರುತ್ತಾರೆ, ಕಡತವೂ ಸಿಗುವುದಿಲ್ಲ. ಮೂಲಪ್ರತಿಗಳನ್ನು ಮಲೆನಾಡಿನ ಮನೆಯಲ್ಲಿ ಬರೀ ಬೀರುವಿನಲ್ಲಿ ಇಡಬೇಡಿ, ಎರಡು ಮಳೆಗಾಲಕ್ಕೆ ಬೂಷ್ಟು ಹಿಡಿದು ಮೊಹರು ಅಳಿಸಿಹೋಗುತ್ತದೆ. ನನ್ನವು ಪ್ಲಾಸ್ಟಿಕ್ ಚೀಲದೊಳಗೆ, ತಗಡಿನ ಪೆಟ್ಟಿಗೆಯಲ್ಲಿ, ಒಲೆಯ ಮೇಲಿನ ಅಟ್ಟದಲ್ಲಿವೆ. ತಂದೆ ಕುಂಕುಮ ಹಚ್ಚಿದ ಆದೇಶವೂ ಅವುಗಳ ಜೊತೆಗಿದೆ.