ಎಫ್‌ಐಆರ್ ಹಾಕದಿದ್ದರೆ?

ಪ್ರಶ್ನೆ: ಬೇರೆ ಊರಲ್ಲಿ ಬೈಕ್ ಕಳವಾಯಿತು. ನಮ್ಮೂರ ಠಾಣೆಯಲ್ಲಿ ದೂರು ಕೊಟ್ಟರೆ 'ನಮ್ಮ ಸರಹದ್ದಲ್ಲ' ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಆ ನೆಪ ಕಾನೂನಿನಲ್ಲಿ ನಿಲ್ಲುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಸಂಜ್ಞೇಯ ಅಪರಾಧದ (ಪೊಲೀಸರು ವಾರಂಟ್ ಇಲ್ಲದೆಯೇ ಬಂಧಿಸಬಹುದಾದ ಅಪರಾಧ) ದೂರನ್ನು ಯಾವ ಠಾಣೆಯಲ್ಲೂ ಕೊಡಬಹುದು. ಅವರು 'ಝೀರೋ ಎಫ್‌ಐಆರ್' (ಸರಹದ್ದು ನೋಡದೆ ದಾಖಲಿಸುವ ಎಫ್‌ಐಆರ್) ಹಾಕಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. (ಕಳುವಾದ ಮಾಲು 5,000 ರೂಪಾಯಿಗಿಂತ ಕಡಿಮೆಯದಾದರೆ ಸಾಮಾನ್ಯ ಕಳವು ಅಸಂಜ್ಞೇಯ. ನಿಮ್ಮ ಬೈಕ್‌ಗೆ ಆ ಭಯವಿಲ್ಲ ಬಿಡಿ.)

ಹಲವರು ಎಡವುವುದು ಇಲ್ಲಿ: ಠಾಣೆಯವರು ಕೊಡುವ ಹಿಂಬರಹವನ್ನೇ (ದೂರು ಬಂದಿದೆ ಎಂಬ ಸ್ವೀಕೃತಿ ಚೀಟಿ) ಎಫ್‌ಐಆರ್ ಎಂದುಕೊಂಡು ಮನೆಗೆ ಹೋಗುತ್ತಾರೆ. ಅಪರಾಧ ಸಂಖ್ಯೆಯಿರುವ ಪ್ರತಿಯನ್ನು ಕೇಳಿ ಪಡೆಯಿರಿ, ಅದು ಉಚಿತ. ಚಾಸಿ, ಎಂಜಿನ್ ನಂಬರ್ ಸರಿಯಿವೆಯೇ ಅಲ್ಲೇ ನೋಡಿಕೊಳ್ಳಿ. ಠಾಣೆಯವರು ಎಫ್‌ಐಆರ್ ಹಾಕಲು ಒಪ್ಪದೇ ಇದ್ದರೆ ಎಸ್‌ಪಿಗೆ (ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ) ಸ್ಪೀಡ್ ಪೋಸ್ಟ್‌ನಲ್ಲಿ ದೂರು ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಅಫಿಡವಿಟ್ ಸಮೇತ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು.