ಹಿಟ್ ಹಾಡುಗಳಿದ್ದ ಮಾತ್ರಕ್ಕೆ ಆಲ್ಬಂ ಕ್ಲಾಸಿಕ್ ಆಗುತ್ತದಾ?

ಪ್ರಶ್ನೆ: ಯಾವ ಆಲ್ಬಂ ಅನ್ನು ಕ್ಲಾಸಿಕ್ ಅನ್ನಬೇಕು? ಹಿಟ್ ಹಾಡುಗಳು ಜಾಸ್ತಿ ಇದ್ದು, ಚೆನ್ನಾಗಿ ಮಾರಾಟವಾಗಿದ್ದರೆ ಸಾಕಲ್ವಾ? ಬೇರೆ ಏನಾದರೂ ಅಳತೆ ಇದೆಯಾ?

ಉತ್ತರ: ಹಿಟ್ ಹಾಡುಗಳ ಲೆಕ್ಕವೇ ಬೇರೆ, ಆಲ್ಬಂ ಲೆಕ್ಕವೇ ಬೇರೆ. ಹತ್ತು ಹಿಟ್‌ಗಳನ್ನು ಒಂದು ಕಡೆ ಪೇರಿಸಿದರೆ ಒಳ್ಳೆಯ ಸಂಗ್ರಹವಾಗುತ್ತದೆ, ಅಷ್ಟೇ. ಈ ಹಾಡುಗಳು ಅಕ್ಕಪಕ್ಕ ಕೂತಾಗ, ಬಿಡಿಬಿಡಿಯಾಗಿ ಕೇಳಿದರೆ ಸಿಗದ ಏನಾದರೂ ಸಿಗುತ್ತದಾ? ನಾನು ನೋಡುವುದು ಇದನ್ನು. ಒಂದನ್ನು ತೆಗೆದರೆ ಅಥವಾ ಜಾಗ ಬದಲಿಸಿದರೆ ಉಳಿದವಕ್ಕೂ ಪೆಟ್ಟು ಬೀಳುತ್ತದೆ ಅನ್ನಿಸಿದರೆ, ಅಲ್ಲಿ ಆಲ್ಬಂ ಇದೆ ಅಂತ ಅರ್ಥ.

1967ರ 'ಕಾಲ್ ಆಫ್ ದ ವ್ಯಾಲಿ' ತೆಗೆದುಕೊಳ್ಳಿ. ಶಿವಕುಮಾರ್ ಶರ್ಮಾ ಅವರ ಸಂತೂರ್ (ಪುಟ್ಟ ಕೋಲುಗಳಿಂದ ಹೊಡೆದು ನುಡಿಸುವ ತಂತಿವಾದ್ಯ), ಹರಿಪ್ರಸಾದ್ ಚೌರಾಸಿಯಾ ಅವರ ಬಾನ್ಸುರಿ (ಕೊಳಲು), ಬ್ರಿಜ್‌ಭೂಷಣ್ ಕಾಬ್ರಾ ಅವರ ಗಿಟಾರ್. ಕಾಶ್ಮೀರದ ಕಣಿವೆಯಲ್ಲಿ ಕುರಿ ಕಾಯುವವನ ಒಂದು ದಿನ ಇದರ ವಸ್ತು. ಮಾತಿಲ್ಲ, ಹಾಡಿಲ್ಲ. ದಿನ ಸಾಗುವುದು ರಾಗಗಳಲ್ಲಿ. ಬೆಳಗಿಗೆ ಅಹಿರ್ ಭೈರವ್, ನಟ್ ಭೈರವ್. ಆಮೇಲೆ ಪೀಲು. ಹೊತ್ತು ಇಳಿದಂತೆ ಭೂಪ್, ದೇಸ್, ಕೊನೆಗೆ ಪಹಾಡಿ. ಕಛೇರಿಯಲ್ಲಿ ಒಂದೊಂದು ರಾಗಕ್ಕೇ ಗಂಟೆಗಟ್ಟಲೆ ಕೊಡಬಲ್ಲ ಕಲಾವಿದರು ಇಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿಸಿ ಮುಂದಿನವರಿಗೆ ಜಾಗ ಬಿಡುತ್ತಾರೆ.

ವಾದ್ಯಗಳ ಆಯ್ಕೆಯನ್ನೂ ಗಮನಿಸಿ. ಸಂತೂರಿನ ಸ್ವರ ಹೊಡೆದ ಕೂಡಲೇ ಕರಗಲು ಶುರುವಾಗುತ್ತದೆ. ಕೊಳಲಿನ ಸ್ವರ ಉಸಿರಿರುವಷ್ಟು ಹೊತ್ತು ನಿಲ್ಲುತ್ತದೆ. ಗಿಟಾರ್ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುತ್ತದೆ. ಮೂರೂ ಒಟ್ಟಿಗೆ ಇದ್ದರೂ ಒಂದರ ಮೇಲೊಂದು ಬೀಳುವುದಿಲ್ಲ. ಇದರಲ್ಲಿ ಪಹಾಡಿಯನ್ನು ಮೊದಲು ಹಾಕಿ, ಅಹಿರ್ ಭೈರವ್ ಕೊನೆಗೆ ಹಾಕಿ ಕೇಳಿ. ಒಂದೊಂದೂ ಚೆನ್ನಾಗಿಯೇ ಇರುತ್ತದೆ, ಆದರೆ ಆ ದಿನ ಮಾತ್ರ ಇರುವುದಿಲ್ಲ.

ಈ ಕ್ರಮದ ಹಿಂದೆ ಒಂದು ಯಂತ್ರದ ಕತೆಯೂ ಇದೆ. 1948ರಲ್ಲಿ ಎಲ್‌ಪಿ, ಅಂದರೆ ಹೆಚ್ಚು ಹೊತ್ತು ನುಡಿಯುವ ಗ್ರಾಮಫೋನ್ ತಟ್ಟೆ, ಬಂತು. ಒಂದು ಬದಿಗೆ ಇಪ್ಪತ್ತು ನಿಮಿಷದ ಆಸುಪಾಸು ಸಂಗೀತ ಹಿಡಿಯುತ್ತಿತ್ತು. ಅಂದರೆ ಎರಡು ಆರಂಭ, ಎರಡು ಮುಕ್ತಾಯ, ನಡುವೆ ಎದ್ದು ತಟ್ಟೆ ತಿರುವಿ ಹಾಕುವ ಒಂದು ನಿಲುಗಡೆ. ಜಾಣ ಸಂಗೀತಗಾರರು ಆ ನಿಲುಗಡೆಯನ್ನೂ ಬಳಸಿಕೊಂಡರು. ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ 'ದ ಡಾರ್ಕ್ ಸೈಡ್ ಆಫ್ ದ ಮೂನ್' (1973) ಆಲ್ಬಂನ ಮೊದಲ ಬದಿ ಮುಗಿಯುವುದು ಸಾವನ್ನು ಕುರಿತ ಹಾಡಿನಲ್ಲಿ ಗಾಯಕಿ ಕ್ಲೇರ್ ಟೋರಿ ಅವರ ಪದಗಳಿಲ್ಲದ ಹಾಡಿಕೆಯಿಂದ. ಕೂಗು, ಅಳು, ಆಮೇಲೆ ಹಿಡಿ ಸಡಿಲಿಸಿದಂಥ ಒಂದು ಮೆತ್ತನೆಯ ಕೊನೆ. ತಟ್ಟೆ ತಿರುವಿದರೆ ಮೊದಲು ಕೇಳುವುದೇ ಅಂಗಡಿಯ ಗಲ್ಲಾಪೆಟ್ಟಿಗೆ ಮತ್ತು ಚಿಲ್ಲರೆ ಕಾಸಿನ ಸದ್ದು! ಸಾವಿನ ಮಾತು ಆ ಬದಿಗೆ, ದುಡ್ಡಿನ ಮಾತು ಈ ಬದಿಗೆ. 1982ರಲ್ಲಿ ಸಿ.ಡಿ. ಬಂದು ಸುಮಾರು 74 ನಿಮಿಷ ಜಾಗ ಸಿಕ್ಕ ಮೇಲೆ ಎಷ್ಟೋ ಆಲ್ಬಂಗಳು ಸುಮ್ನೆ ಉದ್ದವಾದವು. ಬೇಡದ ಹಾಡನ್ನು ಬಿಡುವ ಕಷ್ಟವೇ ತಪ್ಪಿತು. ನಲವತ್ತು ನಿಮಿಷದ ಆ ಕಟ್ಟು ಸಂಗೀತಕ್ಕೆ ಒಳ್ಳೆಯದನ್ನೇ ಮಾಡಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಮಾರಾಟದ ವಿಷಯ. 'ಡಾರ್ಕ್ ಸೈಡ್' 1973ರಿಂದ 1988ರ ನಡುವೆ ಅಮೆರಿಕದಲ್ಲಿ ಜನಪ್ರಿಯ ಆಲ್ಬಂಗಳನ್ನು ವಾರವಾರ ಹೆಸರಿಸುವ ಬಿಲ್‌ಬೋರ್ಡ್ ಪಟ್ಟಿಯಲ್ಲಿ 741 ವಾರ ಇತ್ತು. ವೆಲ್ವೆಟ್ ಅಂಡರ್‌ಗ್ರೌಂಡ್ ಅನ್ನುವ ರಾಕ್ ತಂಡದ, 1967ರಲ್ಲಿ ಬಂದ ಆಲ್ಬಂ 'ದ ವೆಲ್ವೆಟ್ ಅಂಡರ್‌ಗ್ರೌಂಡ್ ಆ್ಯಂಡ್ ನಿಕೊ' ಅದೇ ಪಟ್ಟಿಯಲ್ಲಿ ಆಗ 171ನೇ ಸ್ಥಾನ ದಾಟಿ ಮೇಲೆ ಹೋಗಲಿಲ್ಲ. ಇವತ್ತು ಎರಡನ್ನೂ ಕ್ಲಾಸಿಕ್ ಅಂತಲೇ ಕರೆಯುತ್ತೇವೆ. ಮಾರಾಟ ನೋಡಿ ಏನನ್ನೂ ತೀರ್ಮಾನಿಸಲು ಬರುವುದಿಲ್ಲ.

ಪ್ರಶ್ನೆ: ಜಾಝ್ ಕಹಳೆ ವಾದಕ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' ಆಲ್ಬಂ ಬಗ್ಗೆ ಎಲ್ಲರೂ ಹೊಗಳುತ್ತಾರೆ ಅಂತ ಕೇಳಿದೆ. ಹಿನ್ನೆಲೆಯಲ್ಲಿ ಏನೋ ನುಡಿಸಿದ ಹಾಗಿತ್ತು, ಮನಸ್ಸಿಗೆ ಇಳಿಯಲೇ ಇಲ್ಲ. ಕೊರತೆ ನನ್ನ ಕಿವಿಯದಾ?

ಉತ್ತರ: ನಿಮ್ಮ ಕಿವಿಗೆ ಏನೂ ಆಗಿಲ್ಲ. ಆ ಆಲ್ಬಂ ಮೇಲೆ ಬಿದ್ದು ಮಾತಾಡಿಸುವ ಜಾತಿಯದಲ್ಲ. ಹಿನ್ನೆಲೆಗೆ ಹಾಕಿಕೊಂಡರೆ ಹಿನ್ನೆಲೆಯಲ್ಲೇ ಉಳಿದುಬಿಡುತ್ತದೆ. ಇಡೀ ಆಲ್ಬಂ ಬೇಡ, ಮೊದಲ ಹಾಡು 'ಸೋ ವಾಟ್' ಒಂದನ್ನೇ ಹೀಗೆ ಕೇಳಿ ನೋಡಿ.

ಮೊದಲು ಪಿಯಾನೊ ಮತ್ತು ಬೇಸ್ (ಮಂದ್ರ ಸ್ವರದ ದೊಡ್ಡ ತಂತಿವಾದ್ಯ) ತಾಳದ ಹಂಗಿಲ್ಲದೆ ತಡಕಾಡಿದಂತೆ ನುಡಿಸುತ್ತವೆ. ಆಮೇಲೆ ತಾಳ ಕೂರುತ್ತದೆ. ಮುಖ್ಯ ಧಾಟಿಯನ್ನು ನುಡಿಸುವುದು ಕಹಳೆಯಲ್ಲ, ಬೇಸ್. ಪ್ರತಿ ಸಾಲಿಗೂ ಉಳಿದವರು ಎರಡೇ ಪೆಟ್ಟಿನ ಉತ್ತರ ಕೊಡುತ್ತಾರೆ. ಒಂದು ಸುತ್ತಿಗೆ 32 ಬಾರ್ (ಬಾರ್ ಅಂದರೆ ತಾಳದ ಒಂದು ಘಟಕ). 16 ಬಾರ್ ಒಂದೇ ಸ್ವರಶ್ರೇಣಿ, ಮುಂದಿನ 8 ಬಾರ್ ಅರ್ಧ ಸ್ವರ ಮೇಲೆ, ಕೊನೆಯ 8 ಮತ್ತೆ ಮೊದಲಿನ ಜಾಗಕ್ಕೆ. ಇಷ್ಟೇ ಕಟ್ಟು. ಆಗಿನ ಜಾಝ್‌ನಲ್ಲಿ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು, ಪಟಪಟನೆ ಬದಲಾಗುತ್ತಿದ್ದವು, ನುಡಿಸುವವರು ಅವುಗಳ ಹಿಂದೆ ಓಡುತ್ತಿದ್ದರು. ಇಲ್ಲಿ ಓಟವಿಲ್ಲ. ಒಂದೇ ಶ್ರೇಣಿಯಲ್ಲಿ ನಿಂತು ಏನು ಹೇಳುತ್ತೀರಿ ಅನ್ನುವುದೇ ಪರೀಕ್ಷೆ.

ಸುಮಾರು ಒಂದೂವರೆ ನಿಮಿಷಕ್ಕೆ ಡ್ರಮ್ಸ್ ನುಡಿಸುವ ಜಿಮ್ಮಿ ಕಾಬ್ ಅವರ ಸಿಂಬಲ್ (ಲೋಹದ ತಟ್ಟೆ) ಒಂದು ದೊಡ್ಡ ಪೆಟ್ಟಿಗೆ ಝಲ್ಲೆನ್ನುತ್ತದೆ. ಅದರ ಅಲೆ ಇಳಿಯುವ ಮೊದಲೇ ಮೈಲ್ಸ್ ಶುರು ಮಾಡುತ್ತಾರೆ. ಕಡಿಮೆ ಸ್ವರ, ಜಾಸ್ತಿ ಬಿಡುವು. ನಂತರ ಸ್ಯಾಕ್ಸೊಫೋನ್ ಹಿಡಿದು ಬರುವ ಜಾನ್ ಕೋಲ್ಟ್ರೇನ್ ಅದೇ ಜಾಗವನ್ನು ಸ್ವರಗಳಿಂದ ತುಂಬಿಬಿಡುತ್ತಾರೆ. ಇನ್ನೊಬ್ಬ ಸ್ಯಾಕ್ಸೊಫೋನ್ ವಾದಕ ಕ್ಯಾನನ್‌ಬಾಲ್ ಆ್ಯಡರ್ಲಿ ಬಂದಾಗ ಅದಕ್ಕೇ ಒಂದು ಲವಲವಿಕೆ ಬರುತ್ತದೆ. ಒಂದೇ ಕಟ್ಟಿನೊಳಗೆ ಮೂರು ಸ್ವಭಾವ. ಇದೆಲ್ಲ ದಾಖಲಾಗಿದ್ದು 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು, ಎರಡೇ ದಿನದಲ್ಲಿ.

ಇಷ್ಟಾದ ಮೇಲೂ ಹಿಡಿಸದಿದ್ದರೆ ಬಿಟ್ಟುಬಿಡಿ. ಕ್ಲಾಸಿಕ್ ಅನ್ನಿಸಿಕೊಂಡದ್ದನ್ನೆಲ್ಲ ಇಷ್ಟಪಡಬೇಕು ಅಂತ ಯಾವ ಕಟ್ಟಳೆಯೂ ಇಲ್ಲ.

ಪ್ರಶ್ನೆ: ಈಗ ಬರುತ್ತಿರುವ ಆಲ್ಬಂಗಳು ಕ್ಲಾಸಿಕ್ ಆಗುವುದಿಲ್ಲವಾ? ಎಷ್ಟು ವರ್ಷ ಕಾಯಬೇಕು?

ಉತ್ತರ: ಖಂಡಿತ ಆಗುತ್ತವೆ. ವರ್ಷದ ಲೆಕ್ಕ ಮಾತ್ರ ಹೇಳಲಾಗದು. ಬಿಡುಗಡೆಯಾದ ವಾರವೇ ಕ್ಲಾಸಿಕ್ ಅನ್ನುವುದು ಜಾಹೀರಾತಿನ ಮಾತು. ಆ ಕಾಲದ ಗದ್ದಲ, ಕಲಾವಿದರ ಸುದ್ದಿ, ನಮ್ಮ ವಯಸ್ಸಿನ ನೆನಪು ಯಾವುದೂ ಇಲ್ಲದ ಕೇಳುಗರೊಬ್ಬರು ಬಂದು ಅಲ್ಲೇ ಕೂತರೆ, ಆಗ ಆ ಮಾತಿಗೆ ತೂಕ ಬರುತ್ತದೆ.

ಇಂಗ್ಲಿಷ್ ಗಾಯಕ ನಿಕ್ ಡ್ರೇಕ್ ಅವರ 'ಪಿಂಕ್ ಮೂನ್' ಆಲ್ಬಂ ಬಂದದ್ದು 1972ರಲ್ಲಿ. ಒಂದು ದನಿ, ಒಂದು ಗಿಟಾರ್, ಒಂದೇ ಒಂದು ಹಾಡಿನಲ್ಲಿ ಸ್ವಲ್ಪ ಪಿಯಾನೊ. ಒಟ್ಟು ಸುಮಾರು 28 ನಿಮಿಷ. ಆಗ ಕೊಂಡವರು ತೀರಾ ಕಡಿಮೆ. 1974ರಲ್ಲಿ 26ನೇ ವಯಸ್ಸಿಗೇ ಡ್ರೇಕ್ ತೀರಿಕೊಂಡರು. 1999ರ ಕೊನೆಗೆ ಒಂದು ಕಾರಿನ ಜಾಹೀರಾತಿನಲ್ಲಿ 'ಪಿಂಕ್ ಮೂನ್' ಅನ್ನುವ ಹಾಡೇ ಬಂದ ಮೇಲೆ ಆಲ್ಬಂ ಹಿಂದೆಂದೂ ಇಲ್ಲದಷ್ಟು ಮಾರಾಟವಾಯಿತು. ಜಾಹೀರಾತು ಬಾಗಿಲು ತೆರೆಯಿತು, ನಿಜ. ಆದರೆ ಒಳಗೆ ಬಂದವರು ಉಳಿದದ್ದು ಉಳಿದ ಹಾಡುಗಳಿಗಾಗಿ.

ಈಗಿನ ಯಾವುದಾದರೂ ಆಲ್ಬಂ ನಿಮಗೆ ತುಂಬಾ ಹಿಡಿಸಿದ್ದರೆ, ಶಫಲ್ ಆಫ್ ಮಾಡಿ, ಮೊದಲಿಂದ ಕೊನೆಯವರೆಗೆ ಕೇಳಿ. ಆಮೇಲೆ ಒಂದೆರಡು ವರ್ಷ ಬಿಟ್ಟುಬಿಡಿ. ಮತ್ತೆ ಹಾಕಿದಾಗ ಹಿಟ್ ಆದ ಹಾಡು ಮುಗಿಯುತ್ತಿದ್ದ ಹಾಗೆ ಮುಂದಿನ ಹಾಡಿನ ಮೊದಲ ಸ್ವರ ತಾನಾಗಿ ಮನಸ್ಸಿಗೆ ಬಂದರೆ, ಆ ಆಲ್ಬಂ ಮೇಲೆ ನಿಮ್ಮಷ್ಟೇ ಭರವಸೆ ನಾನೂ ಇಡುತ್ತೇನೆ.