ಎರಡನೇ ಎನ್‌ವಿಎಂಇ ಹಾಕಿದ ಮೇಲೆ ಹಳೆಯ ಹಾರ್ಡ್ ಡಿಸ್ಕ್ ಕಾಣುತ್ತಿಲ್ಲ. ಕೆಟ್ಟಿತೇ?

ಝಡ್370 ಮದರ್‌ಬೋರ್ಡ್, ಐ7-8700 ಪ್ರೊಸೆಸರ್ ಇರುವ ವರ್ಕ್‌ಸ್ಟೇಷನ್‌ಗೆ ಎರಡನೇ ಎನ್‌ವಿಎಂಇ (ಬೋರ್ಡಿನ ಮೇಲೇ ಕೂರುವ ವೇಗದ ಎಸ್‌ಎಸ್‌ಡಿ) ಕೂರಿಸಿದಿರಿ, ಈಗ 4 ಟಿಬಿ ಹಾರ್ಡ್ ಡಿಸ್ಕ್ ಬಯಾಸ್‌ನಲ್ಲೂ (ವಿಂಡೋಸ್‌ಗೆ ಮೊದಲು ತೆರೆಯುವ ಸೆಟ್ಟಿಂಗ್ ಪರದೆ) ಇಲ್ಲ, ಹೊಸದು ತರಲೇ ಅಂತ ಕೇಳಿದ್ದೀರಿ. ಈಗಲೇ ತರಬೇಡಿ. ಪವರ್ ಆಫ್ ಮಾಡಿ, ಆ ಡಿಸ್ಕಿನ ಸಾಟಾ ಕೇಬಲ್ (ಡೇಟಾ ಒಯ್ಯುವ ತಂತಿ) ಬೋರ್ಡಿನ ಯಾವ ಪೋರ್ಟಿನಲ್ಲಿದೆ ನೋಡಿ. 5 ಅಥವಾ 6 ಆಗಿದ್ದರೆ ಕಿತ್ತು ಬೇರೆ ಪೋರ್ಟಿಗೆ ಹಾಕಿ. ಎನ್‌ವಿಎಂಇ ಬಂದು ಕೂತರೆ ಕೆಲವು ಸಾಟಾ ಪೋರ್ಟ್ ಬಂದ್ ಆಗಬಹುದು; ಯಾವ ಪೋರ್ಟ್ ಎನ್ನುವುದು ಬೋರ್ಡಿನಿಂದ ಬೋರ್ಡಿಗೆ ಬೇರೆ, ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ.

ನನಗೆ ಇದು ಗೊತ್ತಾದದ್ದು ಮುಖಭಂಗವಾದ ಮೇಲೆ. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳಿಗೆ ಪ್ಯಾಟರ್ನ್ ಡ್ರಾಯಿಂಗ್ ಮಾಡಿಕೊಡುವ ಒಬ್ಬರ ಮಷೀನಿಗೆ ನಾನೇ ಎನ್‌ವಿಎಂಇ ಹಾಕಿ ಬಂದಿದ್ದೆ. ಸಂಜೆ ಫೋನು: "ಸರ, ಡಿ ಡ್ರೈವ್ ಮಾಯ ಆಗೇತ್ರಿ." ಹೋಗಿ ನೋಡಿದೆ, ಡಿಸ್ಕ್ ಸತ್ತಿದೆ ಅಂತ ತೀರ್ಪು ಕೊಟ್ಟೆ, ಡೇಟಾ ತೆಗೆಸಲು ಪುಣೆಗೆ ಕಳಿಸಿದೆ. ಎಂಟು ದಿನ ಅವರ ಕೆಲಸ ನಿಂತಿತು. ಪುಣೆಯಿಂದ ಬಂದ ಉತ್ತರ: ಡಿಸ್ಕ್ ಗಟ್ಟಿಮುಟ್ಟಾಗಿದೆ. ಆ ರಾತ್ರಿ ಮ್ಯಾನ್ಯುಯಲ್ ತೆರೆದರೆ ಎಂ.2 (ಎನ್‌ವಿಎಂಇ ಕೂರುವ ಸ್ಲಾಟ್) ಕೋಷ್ಟಕದ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಎಲ್ಲ ಬರೆದಿತ್ತು. ಪುಣೆಯ ಖರ್ಚು ನಾನೇ ಕೊಟ್ಟೆ.

ವಿಷಯ ಇಷ್ಟು. ನಿಮ್ಮ ಪ್ರೊಸೆಸರಿನಿಂದ ನೇರ ಹೊರಡುವುದು 16 ಪಿಸಿಐಇ ಲೇನ್ (ಡೇಟಾ ಓಡಾಡುವ ವೇಗದ ದಾರಿ), ಅದೂ ಸಾಮಾನ್ಯವಾಗಿ ಪೂರ್ತಿ ಗ್ರಾಫಿಕ್ಸ್ ಕಾರ್ಡಿನ ಪಾಲು. ಸಾಟಾ, ಎಂ.2, ಯುಎಸ್‌ಬಿ, ನೆಟ್‌ವರ್ಕ್ ಎಲ್ಲ ಚಿಪ್‌ಸೆಟ್‌ಗೆ, ಅಂದರೆ ಬೋರ್ಡಿನ ಮೇಲಿರುವ ಸಹಾಯಕ ಚಿಪ್‌ಗೆ, ಜೋತುಬಿದ್ದಿವೆ. ಝಡ್370 ಚಿಪ್‌ಸೆಟ್‌ನಲ್ಲಿ ಇರುವುದು 30 ವೇಗದ ದಾರಿಗಳು. ಜಾಹೀರಾತಿನಲ್ಲಿ ಹೇಳುವುದು ಗರಿಷ್ಠ 24 ಪಿಸಿಐಇ ಲೇನ್, 6 ಸಾಟಾ, 10 ಯುಎಸ್‌ಬಿ 3. ಕೂಡಿಸಿ ನೋಡಿ, 40 ಆಗುತ್ತದೆ! ಅಂದರೆ ಕೆಲವು ದಾರಿಗಳಿಗೆ ಎರಡೆರಡು ಹೆಸರು: ಒಂದೋ ಸಾಟಾ ಆಗಬೇಕು, ಇಲ್ಲವೇ ಪಿಸಿಐಇ. ಒಂದು ಎನ್‌ವಿಎಂಇ ನಾಲ್ಕು ಲೇನ್ ಬೇಡುತ್ತದೆ. ಅದು ಬಂದು ಕೂತಾಗ ನಿಮ್ಮ ಹಾರ್ಡ್ ಡಿಸ್ಕಿನ ಕಾಲಕೆಳಗಿನ ದಾರಿಯೇ ಹೋಯಿತು. ಪೋರ್ಟ್ ಮಾತ್ರ ಅಲ್ಲೇ ಇದೆ, ನಮ್ಮನ್ನು ಮೋಸಮಾಡಲು.

ಎರಡು ಎನ್‌ವಿಎಂಇ ಸೇರಿಸಿ ರೇಡ್ 0 (ಡೇಟಾವನ್ನು ಎರಡಕ್ಕೂ ಹಂಚಿ ಒಂದೇ ಡಿಸ್ಕಿನಂತೆ ಬಳಸುವುದು) ಮಾಡಿದರೆ ವೇಗ ದುಪ್ಪಟ್ಟಾಗುತ್ತದೆಯೇ ಅಂತಲೂ ಕೇಳಿದ್ದೀರಿ. ಆಗುವುದಿಲ್ಲ. ಡಿಸ್ಕ್ ತನ್ನ ಡೇಟಾವನ್ನು ಡಿಎಂಎ ಎಂಬ ವಿಧಾನದ ಮೂಲಕ ನೇರ ರ್‍ಯಾಮ್‌ಗೆ ಇಳಿಸುತ್ತದೆ, ಒಂದೊಂದು ಬೈಟನ್ನೂ ಪ್ರೊಸೆಸರ್ ಹೊರಬೇಕಿಲ್ಲ. ಆದರೆ ರ್‍ಯಾಮ್ ಕಂಟ್ರೋಲರ್ ಇರುವುದು ಪ್ರೊಸೆಸರಿನ ಒಳಗೇ. ಹಾಗಾಗಿ ಚಿಪ್‌ಸೆಟ್‌ನಿಂದ ಡಿಎಂಐ 3.0 ಎಂಬ ಒಂದೇ ಕೊಂಡಿ ದಾಟಬೇಕು. ಅದರ ಅಳತೆ ಒಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 3.9 ಜಿಬಿ, ಒಳ್ಳೆಯ ಎನ್‌ವಿಎಂಇ ಒಂದೇ 3.5 ಜಿಬಿ ಓದುತ್ತದೆ. ನಮ್ಮ ಬೆಳಗಾವಿಯ ಟಿಳಕವಾಡಿಯಲ್ಲಿ ರೈಲ್ವೆ ಗೇಟ್ ಬಿದ್ದಾಗ ಬುಲೆಟ್ ಗಾಡಿಯವನೂ ಸೈಕಲ್ಲಿನವನೂ ಒಟ್ಟಿಗೇ ನಿಲ್ಲುವ ಹಾಗೆ. ಒಂದು ಎನ್‌ವಿಎಂಇಯಿಂದ ಇನ್ನೊಂದಕ್ಕೆ ಕಾಪಿ ಮಾಡುವಾಗ ಮಾತ್ರ ತೊಂದರೆಯಿಲ್ಲ: ಡೇಟಾ ಮೇಲೇರುವ ದಾರಿ ಬೇರೆ, ಇಳಿಯುವ ದಾರಿ ಬೇರೆ.

ಪೆಟ್ಟಿಗೆ ತೆರೆದಾಗ ಗ್ರಾಫಿಕ್ಸ್ ಕಾರ್ಡ್ ಪ್ರೊಸೆಸರಿಗೆ ಹತ್ತಿರದ ಉದ್ದ ಸ್ಲಾಟಿನಲ್ಲೇ ಇದೆಯೇ ನೋಡಿಬಿಡಿ. ಕೆಳಗಿನದೂ ಅಷ್ಟೇ ಉದ್ದ ಇರಬಹುದು, ಆದರೆ ಎಷ್ಟೋ ಬೋರ್ಡುಗಳಲ್ಲಿ ಅದರೊಳಗೆ ಬರೀ 4 ಲೇನ್. ಜಿಪಿಯು-ಝಡ್ ಎಂಬ ಸಾಫ್ಟ್‌ವೇರ್ ತೆರೆದರೆ ಎಷ್ಟು ಲೇನ್ ಸಿಕ್ಕಿದೆ ಅಂತ ತೋರಿಸುತ್ತದೆ.

ಉಳಿದ ಸಾಟಾ ಪೋರ್ಟೆಲ್ಲ ತುಂಬಿದ್ದರೆ ಡಿವಿಡಿ ಡ್ರೈವಿನ ಕೇಬಲ್ ಕಿತ್ತು ಆ ಜಾಗ ಕೊಡಿ. ಅದರ ಬಾಯಿ ತೆರೆದು ಎಷ್ಟು ವರ್ಷವಾಯಿತೋ, ನೀವೇ ಹೇಳಬೇಕು.